ಹದಿನೇಳು ಅಕ್ಷರ

ಒಬ್ಬರೇ ಕೊಂಡರೆ ನಾನೂರ ಎಂಬತ್ತು ಯೂರೋ,
ಹತ್ತು ಜನ ಕೂಡಿದರೆ ತಲೆಗೆ ಮುನ್ನೂರು,
ಅಂದರು ಎಂಜಿನ್ನಿನ ಬುದ್ಧಿ ತಿದ್ದುವ ತಂತ್ರಾಂಶದವರು.
ಒಂಬತ್ತಾದರೆ ಇಲ್ಲ.
ಗಡುವು ಜನವರಿ ಮೂವತ್ತೊಂದು, ನಡುರಾತ್ರಿ.

ಕೆಮಿಯ ಬಂದರಿನ ಹಿಂದೆ, ನನ್ನ ಗ್ಯಾರೇಜಿನಲ್ಲಿ,
ಸ್ಪಾರ್ಕ್ ಪ್ಲಗ್ಗಿನ ಖಾಲಿ ರಟ್ಟುಡಬ್ಬಿ ಹರಿದು
ಅದರ ಬೆನ್ನಿಗೇ ಪಟ್ಟಿ ಬರೆದೆ.
ಮೊದಲು ನಾನು, ರಾಕೆಲ್.
ಆಮೇಲೆ ಟೌನೊ. ಅವನ ಸಾಬ್ ಕಾರಿಗೆ
ದೊಡ್ಡ ಟರ್ಬೊ ಕೂತ ದಿನದಿಂದ
ಅವನ ಹೆಂಡತಿ ಬಸ್ಸಿನಲ್ಲೇ ಓಡಾಡುತ್ತಾಳೆ.
ಯೊರ್ಮ, ಯೌಕೊ ಅವಳಿಜವಳಿ,
ಇಬ್ಬರಿಗೂ ಸೇರಿ ಒಂದೇ ಕಾರು,
ಜಗಳ ಎರಡಾದರೂ ಹೆಸರು ಒಂದೇ ಎಂದು ಎಣಿಸಬೇಕಾಯಿತು.
ಟೊರ್ನಿಯೊದ ಹಲ್ಲಿನ ಡಾಕ್ಟರು ಸಿನಿಕ್ಕ,
ಬಿಲ್ಲಿಲ್ಲದೆ ಬಿಡಿಗಾಸೂ ಬಿಚ್ಚದವಳು.
ಹಿಮಸಾರಂಗದ ಆಸ್ಲಾಕ್
'ನನ್ನದು ಡೀಸೆಲ್, ನಡೆಯುತ್ತದಾ?' ಎಂದು ಮೂರು ಸಲ ಕೇಳಿ,
ನಡೆಯದು ಅಂದಾಗ
ಪೆಟ್ರೋಲಿನದನ್ನೇ ಹೋಗಿ ಕೊಂಡುತಂದ.

ಹತ್ತು ಜನರ ಕಡ್ಡಿ ಒಬ್ಬರ ಹೊರೆ ಅನ್ನುತ್ತಾರೆ.
ಹೊರುವವಳಿಗೆ ಗೊತ್ತು,
ಕಡ್ಡಿ ಕೊಡುವವರು ಮೊದಲು
ಪಕ್ಕದವರ ಕಡ್ಡಿಯ ಉದ್ದ ಅಳೆಯುತ್ತಾರೆ.
'ಮಿಕ್ಕವರು ಕೊಟ್ಟರಾ?' ಎಲ್ಲರದೂ ಇದೇ ಮಾತು.
ಕೊಟ್ಟರು ಎಂದು ಇವನಿಗೆ ಸುಳ್ಳು ಹೇಳಿ ಪಡೆದು
ಅವನಿಗೆ ಅದನ್ನೇ ನಿಜವಾಗಿ ಹೇಳಿದೆ.

ಇಪ್ಪತ್ತೊಂಬತ್ತನೇ ತಾರೀಕು. ಒಂಬತ್ತು ಹೆಸರು.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಬೂಟಿನ ಹಿಮ ಕೊಡವಿ ಒಳಗೆ ಬಂದವನು ಹೈಮೊ,
ಕಾಗದದ ಕಾರ್ಖಾನೆಯಿಂದ ನಿವೃತ್ತ,
ಕಣ್ಣು ಮಂಜಾಗಿ, ಅಕ್ಟೋಬರಿನಲ್ಲಿ ಕಾರು ಮಾರಿದವನು.
ಕಾಫಿಪುಡಿಯ ಪೊಟ್ಟಣದಿಂದ
ಐವತ್ತರ ಆರು ನೋಟು ತೆಗೆದು ಬೆಂಚಿನ ಮೇಲಿಟ್ಟ.

'ನಿನಗೆ ಕಾರೇ ಇಲ್ಲವಲ್ಲ ಹೈಮೊ.'
'ಕಾರು ಇದೆ. ನನ್ನ ಹತ್ತಿರ ಇಲ್ಲ, ಅಷ್ಟೆ.'

ಒಂದು ಲೈಸೆನ್ಸು ಒಂದು ಕಾರಿಗೆ ಮಾತ್ರ,
ಚಾಸಿಯ ಹದಿನೇಳು ಅಕ್ಷರ ಕೊಡದೆ ಬೀಗ ತೆರೆಯದು ಅಂದೆ.
ಕಣ್ಣು ಮುಚ್ಚಿದ. ವೈ, ಎಸ್, ಮೂರು
ಎಂದು ಶುರುಮಾಡಿ, ಮಗ್ಗಿ ಒಪ್ಪಿಸುವ ಹುಡುಗನಂತೆ,
ಹನ್ನೊಂದನೆಯದರಲ್ಲಿ ಮಾತ್ರ ಕೊಂಚ ತಡೆದು,
'ಇದು ಅದು ಹುಟ್ಟಿದ ಕಾರ್ಖಾನೆಯ ಗುರುತು' ಅಂದು,
ಕೊನೆಯ ಅಂಕಿಯವರೆಗೂ ಹೇಳಿದ.

ಆಮೇಲೆ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ:
'ಮೂವತ್ತರ ಕೆಳಗಿಳಿದರೆ ಬೆಳಗಿನ ಹೊತ್ತು ಕೆಮ್ಮುತ್ತದೆ.
ಕೊಂಡವನಿಗೆ ನಾನು ಹೇಳಲಿಲ್ಲ.
ಇನ್ನೂರು ಯೂರೋ ಹೆಚ್ಚೇ ತೆಗೆದುಕೊಂಡೆ.'

ಕೊಂಡವನು ಹತ್ತೊಂಬತ್ತರ ಹುಡುಗ, ವಿಲ್ಯಾಮಿ.
ಫೋನಿನಲ್ಲಿ ಗುರ್ ಅಂದ:
'ಬಿಟ್ಟಿ ಯಾರು ಕೊಡುತ್ತಾರೆ? ಎಂಥ ಮೋಸ ಇದು?'
'ಬೆಳಿಗ್ಗೆ ಕೆಮ್ಮುತ್ತದಾ?' ಅಂದೆ.
ಆ ಕಡೆ ಬಹಳ ಹೊತ್ತು ಏನೂ ಇಲ್ಲ.
'ನಿಮಗೆ ಹೇಗೆ ಗೊತ್ತು?'

ಕೇಬಲ್ಲು ಹತ್ತು ಜನಕ್ಕೂ ಒಂದೇ.
ಬ್ರೆಡ್ಡಿನ ಡಬ್ಬಿಯಲ್ಲಿ ಕೂತು ಬಸ್ಸು ಹತ್ತಿ
ಟೊರ್ನಿಯೊಗೆ ಹೋಯಿತು, ಆಸ್ಲಾಕನ ಕೊಟ್ಟಿಗೆಗೆ ಹೋಯಿತು,
ಶನಿವಾರ ಮರಳಿ ಬಂತು.
ರಾತ್ರಿಯೆಲ್ಲ ಅಂಗಳದಲ್ಲಿ ಹೆಪ್ಪುಗಟ್ಟಲು ಬಿಟ್ಟ ಕಾರು.
ಹುಡುಗ ಕೀಲಿ ತಿರುಗಿಸಿದ.
ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪು,
ಪರದೆಯಲ್ಲಿ ಚಳಿಯ ಕೋಷ್ಟಕ, ಮನೆ ಮನೆಗೂ ಒಂದೊಂದು ಅಂಕಿ.
ಹೊತ್ತಿಕೊಂಡಿತು. ಒಂದು ಸಲ ಕೆಮ್ಮಿತು.

ರಸ್ತೆಯಾಚೆ, ಹಿಮದ ಗುಡ್ಡೆಯ ಪಕ್ಕ,
ಯಾರನ್ನೋ ಕಾಯುವವನ ಹಾಗೆ ನಿಂತಿದ್ದ ಹೈಮೊ.
ಈ ಕಡೆ ತಿರುಗಿಯೂ ನೋಡಲಿಲ್ಲ.
ಕೈಗವಸು ಕಳಚಿ, ಹೆಬ್ಬೆರಳು ತೋರುಬೆರಳು ಸೇರಿಸಿ ಎತ್ತಿದ,
ಸಾರಿಗೆ ಉಪ್ಪು ಸಾಲದಾದಾಗ ತೋರುತ್ತಾರಲ್ಲ, ಅಷ್ಟು.
ಒಂದು ಮನೆಯಲ್ಲಿ ಅಷ್ಟೇ ಇಂಧನ ಏರಿಸಿದೆ.

ಭಾನುವಾರ ಕೆಮ್ಮಲಿಲ್ಲವಂತೆ.
ಟೌನೊ ಇನ್ನೂ ನಲವತ್ತು ಯೂರೋ ಕೊಡಬೇಕು.